ಆಯಾಳ ಆರು ಬಳೆಗಳು

ಆಯಾಳ ಬಲಗೈಯಲ್ಲಿ ಆರು ಹಸಿರು ಗಾಜಿನ ಬಳೆಗಳಿದ್ದವು. ಮಣಿಕಟ್ಟಿನಿಂದ ಎಣಿಸಿದರೆ ಮೂರನೆಯದಕ್ಕೆ ಕೂದಲೆಳೆಯಷ್ಟು ಸೀಳು ಬಿದ್ದಿತ್ತು. ಆಕೆ ಕೈ ಅಲುಗಿಸಿದಾಗ ಐದು ಬಳೆಗಳು ಒಟ್ಟಿಗೆ ಕಿಣಿಕಿಣಿ ಎನ್ನುತ್ತಿದ್ದವು. ಸೀಳಿದ ಬಳೆ ಮಾತ್ರ ಅವುಗಳ ಹಿಂದೆ, ಹಂಚಿಗೆ ಉಗುರು ತಾಗಿದ ಹಾಗೆ, ಟಕ್ ಎನ್ನುತ್ತಿತ್ತು. ಆ ಸದ್ದನ್ನು ನಾನು ದಿನಕ್ಕೆ ಮೂವತ್ತು ನಲವತ್ತು ಸಲ ಕೇಳುತ್ತಿದ್ದೆ. ಕೇಳಿ ಕೇಳಿ ಅದು ಕಿವಿಗೆ ಬೀಳುವುದೇ ನಿಂತುಹೋಗಿತ್ತು.

ಆಗ ಎರಡನೆಯ ಮಹಾಯುದ್ಧ ನಡೆಯುತ್ತಿತ್ತು. ಹೈದರಾಬಾದಿನಲ್ಲಿ ವೈದ್ಯಕೀಯ ಓದು ಮುಗಿಸಿದ ನನ್ನನ್ನು ಹೆಂಗಸರನ್ನೂ ಮಕ್ಕಳನ್ನೂ ನೋಡಲೆಂದು ಯಲಬುರ್ಗಾದ ಒಂದು ಸಣ್ಣ ದವಾಖಾನೆಗೆ ಕಳಿಸಿದ್ದರು. ಎರಡು ಕೋಣೆ, ಒಂದು ಪಡಸಾಲೆ, ಪಡಸಾಲೆಯ ಕೊನೆಗೆ ನಾಲ್ಕು ಮಂಚ. ಹಿರಿಯ ಡಾಕ್ಟರು ಆ ಚಳಿಗಾಲದಲ್ಲಿ ಗಂಗಾವತಿ ಕಡೆಯ ಗದ್ದೆಯ ಊರುಗಳಿಗೆ ಮಲೇರಿಯಾ ಕೆಲಸದ ಮೇಲೆ ಹೋಗಿದ್ದರು. ಅವರು ತಿರುಗಿ ಬರುವವರೆಗೆ ದವಾಖಾನೆ ಎಂದರೆ ನಾನು, ಒಬ್ಬ ಕಂಪೌಂಡರ್, ಮತ್ತು ಆಯಾ. ಊರಿನವರು ಹೆಣ್ಣು ಡಾಕ್ಟರಾದ ನನ್ನನ್ನು ಬಾಯಾರು ಎನ್ನುತ್ತಿದ್ದರು. ನನಗಿಂತ ಇಪ್ಪತ್ತು ವರ್ಷ ದೊಡ್ಡವಳಾದ ಆಯಾ ಕೂಡ ಹಾಗೆಯೇ ಕರೆಯುತ್ತಿದ್ದಳು.

ನನಗೆ ಮಕ್ಕಳನ್ನು ನಗಿಸಲು ಬರುವುದಿಲ್ಲ. ನಾನು ಹತ್ತಿರ ಹೋದರೆ ಅವು ತಾಯಿಯ ಸೆರಗಿನೊಳಗೆ ಮುಖ ಹುದುಗಿಸುತ್ತಿದ್ದವು. ನನ್ನ ಬೆರಳನ್ನು ನೋಡು ಎಂದರೆ ನೋಡುತ್ತಿರಲಿಲ್ಲ. ಇದನ್ನು ಕಂಡ ಆಯಾ ನಾನು ಬಂದ ಮೊದಲ ವಾರದಲ್ಲೇ ಒಂದು ಉಪಾಯ ಮಾಡಿದಳು. ನಾನು ಮಗುವಿನ ಮುಂದೆ ಕುಳಿತು ರೆಪ್ಪೆ ಬಿಡಿಸಿ ಹಿಡಿಯುವುದು. ಆಕೆ ನನ್ನ ಹಿಂದೆ ನಿಂತು ಬಲಗೈಯನ್ನು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ, ಒಮ್ಮೆ ತಲೆಯ ಮೇಲೆ ಎತ್ತಿ ಅಲುಗಿಸುವುದು. ಎಂಥ ಹಟದ ಕೂಸೂ ಬಳೆಯ ಕಡೆ ತಿರುಗುತ್ತಿತ್ತು. ನನ್ನ ಕೆಲಸ ಸುಲಭವಾಯಿತು. ಇದು ಒಳ್ಳೆಯ ಪದ್ಧತಿ ಎಂದು ನಾನು ಮನೆಗೆ ಬರೆದ ಕಾಗದದಲ್ಲಿ ಸಹ ಹೇಳಿದ್ದೆ.

ಕಣ್ಣಿನ ಬೇನೆಗಳು ಅಲ್ಲಿ ಬಹಳ. ಕಣ್ಣು ಬಂದು ಕೀವು ಕಟ್ಟಿದವರು, ರೆಪ್ಪೆಯ ಅಂಚಿಗೆ ಕುರು ಎದ್ದವರು, ಹೊಟ್ಟು ಬಿದ್ದು ಉಜ್ಜಿಕೊಂಡವರು. ಬಹುಪಾಲು ಬಿಸಿ ಶಾಖಕ್ಕೂ ಬೋರಿಕ್ ನೀರಿಗೂ ಇಳಿಯುತ್ತಿದ್ದವು. ಭಯಪಡಬೇಕಾದದ್ದು ಒಂದೇ. ರೆಪ್ಪೆಯ ಒಳಗೆ ಎಲುಬಿನ ಅಂಚಿಗೆ ಅಂಟಿಕೊಂಡ ಒಂದು ತೆಳುವಾದ ಪರದೆ ಇದೆ. ಸೋಂಕು ಪರದೆಯ ಮುಂದೆ ಇದ್ದರೆ ರೆಪ್ಪೆ ಎಷ್ಟೇ ಊದಿಕೊಂಡಿದ್ದರೂ ಅದು ರೆಪ್ಪೆಯ ಬೇನೆ, ಅಷ್ಟೆ. ಪರದೆಯ ಹಿಂದೆ ಹೋದರೆ ಕಣ್ಣಿಗೆ ಅಪಾಯ, ಜೀವಕ್ಕೂ ಅಪಾಯ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಊದಿದ ರೆಪ್ಪೆಯನ್ನು ಬಿಡಿಸಿ ಮೂರು ಸಂಗತಿ ನೋಡಬೇಕು ಎಂದು ನಮಗೆ ಕಲಿಸಿದ್ದರು: ಗುಡ್ಡೆ ಮುಂದಕ್ಕೆ ಬಂದಿದೆಯೆ, ಗುಡ್ಡೆ ಎಲ್ಲ ಕಡೆಗೂ ತಿರುಗುತ್ತದೆಯೆ, ಆ ಕಣ್ಣಿಗೆ ಕಾಣುತ್ತದೆಯೆ. ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದಿತ್ತು. ನಾನು ಚೆನ್ನಾಗಿ ಬರೆದಿದ್ದೆ.

ಆ ಹುಡುಗಿಯನ್ನು ಕರೆತಂದದ್ದು ಸಂತೆಯ ದಿನ. ಹಿಂಗಾರಿ ಜೋಳದ ರಾಶಿ ನಡೆದಿತ್ತು. ಕುಷ್ಟಗಿ ದಾರಿಯಲ್ಲಿ ಎರಡು ಹರದಾರಿ ಆಚೆಯ ಹಳ್ಳಿ ಅವರದು. ತಾಯಿ, ತಾಯಿಯ ಅತ್ತೆ, ಮೂರೂವರೆ ವರ್ಷದ ಹುಡುಗಿ. ತಂದೆ ಚಕ್ಕಡಿಯನ್ನು ಸಂತೆಯಲ್ಲಿ ಬಿಟ್ಟು ಎತ್ತುಗಳ ಹತ್ತಿರ ಉಳಿದಿದ್ದ. ದವಾಖಾನೆಗೆ ಹೊಲಸಾಗಿ ತರಬಾರದೆಂದು ಮಗುವಿಗೆ ತಲೆಯಿಂದ ನೀರು ಹಾಕಿ, ಎಣ್ಣೆ ಹಚ್ಚಿ, ಬಲಗಣ್ಣಿಗೆ ಕಾಡಿಗೆ ತೀಡಿದ್ದರು. ಎಡಗಣ್ಣಿಗೆ ತೀಡಲು ಜಾಗವೇ ಇರಲಿಲ್ಲ. ಎರಡೂ ರೆಪ್ಪೆ ಊದಿ, ಕೆಂಪಾಗಿ, ನಡುವೆ ಒಂದು ಗೆರೆ ಉಳಿದಿತ್ತು.

ಕಣದಲ್ಲಿ ಮಲಗಿಸಿದ್ದಾಗ ಏನೋ ಹುಳ ಮುಟ್ಟಿರಬೇಕು ಎಂದು ತಾಯಿ ಹೇಳಿದಳು. ನಿನ್ನೆ ಬೆಳಿಗ್ಗೆ ಏಳುವಾಗ ಸಣ್ಣಗೆ ಊದಿತ್ತಂತೆ, ಸಂಜೆಗೆ ಮುಚ್ಚಿಹೋಯಿತಂತೆ. ಎಂಟು ದಿನದಿಂದ ನೆಗಡಿ ಎಂಬುದನ್ನೂ ಹೇಳಿದಳು. ಮೂಗಿನಿಂದ ಹಳದಿ ಸಿಂಬಳ ಇಳಿಯುತ್ತಿತ್ತು. ನಾನು ಅದನ್ನು ಕಂಡೆ. ಕಣ್ಣಿನ ಗೂಡಿಗೂ ಮೂಗಿನ ಪಕ್ಕದ ಪೊಳ್ಳಿಗೂ ನಡುವೆ ಇರುವ ಎಲುಬು ಕಾಗದದಷ್ಟು ತೆಳು ಎಂದು ಓದಿದ್ದೆ. ಆದರೆ ಸಂತೆಯ ದಿನ ಪಡಸಾಲೆಯ ತುಂಬ ಜನರಿದ್ದರು, ಮತ್ತು ಆ ಕಾಲದಲ್ಲಿ ಅಲ್ಲಿ ನೆಗಡಿ ಇಲ್ಲದ ಮಗು ಯಾವುದಿತ್ತು? ಹಣೆ ಮುಟ್ಟಿದೆ. ಸ್ನಾನ ಮಾಡಿಸಿದ್ದ ಹಣೆ ತಣ್ಣಗಿತ್ತು. ಥರ್ಮಾಮೀಟರನ್ನು ಕಂಕುಳಲ್ಲಿಟ್ಟರೆ ನೂರಕ್ಕಿಂತ ಒಂದು ಗೆರೆ ಮೇಲೆ ಬಂತು. ನೆಗಡಿಗೆ ಅಷ್ಟಿರಬಹುದು ಎಂದುಕೊಂಡೆ.

ನಾನು ಬೆರಳಿಗೆ ಹತ್ತಿ ಸುತ್ತಿಕೊಳ್ಳುವುದನ್ನು ಕಂಡೇ ಹುಡುಗಿ ಅಳತೊಡಗಿತು. ಆಯಾ ಬಗ್ಗಿ ಅದರ ಗಲ್ಲ ಹಿಡಿದು ಹೇಳಿದಳು: “ಅಳಬ್ಯಾಡ ನನ್ನವ್ವಾ. ಈ ಬಾಯಾರು ಕಡಿಯಂಗಿಲ್ಲ, ಗುದ್ದಂಗಿಲ್ಲ. ಬರೇ ಬರಕೋತ ಕುಂದರ್ತಾರ.”

ಸುತ್ತಲಿನ ಹೆಂಗಸರು ನಕ್ಕರು. ತಾಯಿಯೂ ನಕ್ಕಳು. ನಾನು ಎರಡು ಬೆರಳಿಂದ ರೆಪ್ಪೆ ಬಿಡಿಸಿದೆ. ಬಿಟ್ಟದ್ದು ಅಕ್ಕಿಕಾಳಿನಷ್ಟು ಸಂದು. ಅದರೊಳಗೆ ಬಿಳಿಯ ಭಾಗ ಕೆಂಪಾಗಿ ನೀರೂರಿದ ಹಾಗೆ ಕಂಡಿತು. ಗುಡ್ಡೆ ಮುಂದೆ ಬಂದಿದೆಯೋ ಇಲ್ಲವೋ ಆ ಊತದಲ್ಲಿ ತಿಳಿಯಲಿಲ್ಲ. ಆಯಾ ಬಲಕ್ಕೆ ಬಳೆ ಅಲುಗಿಸಿದಳು. ಹುಡುಗಿ ಬಲಕ್ಕೆ ತಿರುಗಿತು. ಎಡಕ್ಕೆ ಅಲುಗಿಸಿದಳು. ಎಡಕ್ಕೆ ತಿರುಗಿತು. ಮೇಲೆ ಅಲುಗಿಸಿದಾಗ ಗಲ್ಲ ಮೇಲೆತ್ತಿತು.

ಗಲ್ಲ ಮೇಲೆತ್ತಿತು ಎಂಬುದನ್ನು ನಾನು ಈಗ ಬರೆಯುತ್ತಿದ್ದೇನೆ. ಆಗ ಕಣ್ಣು ಮೇಲೆತ್ತಿತು ಎಂದೇ ತಿಳಿದಿದ್ದೆ. ಹುಡುಗಿಯ ಬಲಗಣ್ಣು ತೆರೆದೇ ಇತ್ತು. ಅದನ್ನು ಯಾರೂ ಮುಚ್ಚಿರಲಿಲ್ಲ. ಕಿವಿ ಎರಡೂ ಸರಿಯಿದ್ದವು. ಬಳೆಯ ಸದ್ದಿಗೆ ತಲೆ ತಿರುಗಿಸಲು ಎಡಗಣ್ಣು ಬೇಕಾಗಿಯೇ ಇರಲಿಲ್ಲ.

ಹೈದರಾಬಾದ್ ಸರಕಾರದ ದವಾಖಾನೆಯಾದ್ದರಿಂದ ರಜಿಸ್ಟರನ್ನು ಉರ್ದುವಿನಲ್ಲಿ ತುಂಬಬೇಕಿತ್ತು. ನನ್ನ ಉರ್ದು ಅಕ್ಷರ ಅಂದವಾಗಿಲ್ಲ, ಆದರೆ ಸ್ಪಷ್ಟ. ರೆಪ್ಪೆಯ ಊತ, ಹುಳದ ಕಡಿತ ಇರಬಹುದು, ಗುಡ್ಡೆಯ ಚಲನೆ ಪೂರ್ತಿ ಎಂದು ಬರೆದು ಕೊನೆಗೆ ‘ಬೀನಾಯಿ ದುರುಸ್ತ್’ ಎಂದು ಸೇರಿಸಿದೆ. ಕಣ್ಣು ಸರಿಯಾಗಿ ಕಾಣುತ್ತಿದೆ ಎಂದು ಅದರರ್ಥ. ತಾಯಿ ಏನು ಬರೆದಿರಿ ಎಂದು ಕೇಳಿದಳು. ಕಣ್ಣು ಕಾಣುತ್ತದೆ, ಭಯವಿಲ್ಲ ಎಂದೆ. ಅತ್ತೆ, ಹುಡುಗಿಯ ಅಜ್ಜಿ, ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು. ಅರವತ್ತರ ಆಸುಪಾಸು, ಹಣೆ ಖಾಲಿ, ಕೈ ಖಾಲಿ.

ಔಷಧದ ಕಪಾಟಿನಲ್ಲಿ, ಕೀವಿನ ಸೋಂಕು ತಡೆಯುವ ಸಲ್ಫಾ ಮಾತ್ರೆಯ ಒಂದು ಸೀಸೆ ಇತ್ತು. ಯುದ್ಧದ ದೆಸೆಯಿಂದ ಅದು ಸಿಗುವುದೇ ಕಷ್ಟವಾಗಿತ್ತು. ಬಾಣಂತಿಯರ ಜ್ವರಕ್ಕೂ ಎದೆಯ ಬೇನೆಗೂ ಮೀಸಲಿಡಿ ಎಂದು ಹಿರಿಯ ಡಾಕ್ಟರು ಹೇಳಿ ಹೋಗಿದ್ದರು. ಕೀಲಿ ನನ್ನ ಸೊಂಟದಲ್ಲಿತ್ತು. ನಾನು ಕಪಾಟು ತೆರೆಯಲಿಲ್ಲ. ಅವರು ತಂದಿದ್ದ ಬಾಟಲಿಗೆ ಬೋರಿಕ್ ನೀರು ತುಂಬಿಸಿ, ಉಪ್ಪಿನ ಬಿಸಿ ನೀರಿನ ಶಾಖ ಹೇಗೆ ಕೊಡಬೇಕೆಂದು ತೋರಿಸಿ, ಹೆಚ್ಚಾದರೆ ಕೂಡಲೇ ಬನ್ನಿ, ಇಲ್ಲವಾದರೆ ಮೂರು ದಿನ ಬಿಟ್ಟು ಬನ್ನಿ ಎಂದೆ. ಏನು ಹೆಚ್ಚಾದರೆ ಎಂದು ನಾನು ಹೇಳಲಿಲ್ಲ. ಅವರ ಹಿಂದೆ ಇನ್ನೂ ಹನ್ನೊಂದು ಮಂದಿ ಕುಳಿತಿದ್ದರು.

ಅವರು ಬಂದದ್ದು ಮೂರನೆಯ ದಿನ ಮಧ್ಯಾಹ್ನ. ಚಕ್ಕಡಿಯಿಂದ ತಂದೆ ಹುಡುಗಿಯನ್ನು ಎರಡೂ ತೋಳುಗಳ ಮೇಲೆ ಎತ್ತಿಕೊಂಡು ಬಂದ; ಹಿಂದೆ ತಾಯಿ ಮತ್ತು ಅಜ್ಜಿ. ಈ ಸಲ ಎಣ್ಣೆ ಹಚ್ಚಿರಲಿಲ್ಲ, ಸ್ನಾನ ಮಾಡಿಸಿರಲಿಲ್ಲ. ಮುಟ್ಟುವ ಮೊದಲೇ ಮೈಯ ಕಾವು ನನ್ನ ಕೈಗೆ ತಿಳಿಯಿತು. ರೆಪ್ಪೆಗಳು ಈಗ ನೀಲಿ ಕೆಂಪಾಗಿ ಬಿಗಿದಿದ್ದವು. ಸಂದಿನಿಂದ ಬಿಳಿಯ ಭಾಗ ಸಣ್ಣ ಗುಳ್ಳೆಯ ಹಾಗೆ ಹೊರಗೆ ಉಬ್ಬಿತ್ತು. ಪಕ್ಕದಿಂದ ನೋಡಿದರೆ ಎಡಗಣ್ಣಿನ ಗುಡ್ಡೆ ಮುಂದಕ್ಕೆ ಬಂದದ್ದು ಯಾರಿಗಾದರೂ ಕಾಣುವಂತಿತ್ತು. ದಾರಿಯಲ್ಲಿ ಎರಡು ಸಲ ವಾಂತಿಯಾಗಿತ್ತಂತೆ.

ನಾನು ರೆಪ್ಪೆ ಬಿಡಿಸಿದೆ. ಆಯಾ ಎಂದಿನಂತೆ ನನ್ನ ಹಿಂದೆ ನಿಂತು ಕೈ ಎತ್ತಿದಳು. ಬಳೆ ಸದ್ದಾಯಿತು. ಅಷ್ಟು ಜ್ವರದಲ್ಲೂ ಹುಡುಗಿ ತಲೆಯನ್ನು ನಿಧಾನಕ್ಕೆ ಆ ಕಡೆ ಹೊರಳಿಸಿತು. ಕಣ್ಣು ಹೊರಳಲಿಲ್ಲ. ಗೂಡಿನಲ್ಲಿ ನೆಟ್ಟ ಹಾಗೆ ಇದ್ದಲ್ಲೇ ಇತ್ತು.

ಅಜ್ಜಿ ಆಗ ಮಾತಾಡಿದಳು. “ಬಳಿ ಸಪ್ಪಳಕ್ಕ ತಿರುಗ್ತಾಳ್ರಿ ಅಕಿ. ದೀಪಕ್ಕ ತಿರುಗಂಗಿಲ್ಲ.”

ಯಾವ ದೀಪ ಎಂದು ಕೇಳಿದೆ. ಮಗುವಿನ ಕಣ್ಣಿಗೆ ಬೇನೆ ಬಂದರೆ ಅವರ ಮನೆಯಲ್ಲಿ ನೆದರು ತೆಗೆಯುವ ಒಂದು ಪದ್ಧತಿ ಇತ್ತು. ಯಾರದೋ ಕೆಟ್ಟ ನೋಟ ತಾಗಿದ್ದರೆ ಇಳಿಯಲಿ ಎಂದು, ಹೊರಗೆ ಹೋಗಿಬಂದ ಮಗುವನ್ನು ಹೊಸ್ತಿಲಿನಲ್ಲಿ ಕೂರಿಸಿ, ನೋವಿಲ್ಲದ ಕಣ್ಣನ್ನು ಸೆರಗಿನಿಂದ ಒತ್ತಿ ಮುಚ್ಚಿ, ನೋವಿನ ಕಣ್ಣಿನ ಮುಂದೆ ಎಣ್ಣೆ ದೀಪವನ್ನು ಮೂರು ಸಲ ಆಚೆ ಈಚೆ ಆಡಿಸುವುದು. ಆ ಹೊತ್ತಿನಲ್ಲಿ ಯಾರೂ ಮಾತಾಡಬಾರದು. ಬಳೆ ಕೂಡ ಸದ್ದಾಗಬಾರದೆಂದು ಅದನ್ನು ಮನೆಯ ವಿಧವೆಯೇ ಮಾಡುವುದು ವಾಡಿಕೆ.

ಆಕೆ ಹೇಳುತ್ತಿದ್ದಂತೆ ನನಗೆ ಒಂದೊಂದೇ ತಿಳಿಯುತ್ತ ಹೋಯಿತು. ಒಂದು ಕಣ್ಣು ಮುಚ್ಚಬೇಕು. ಸದ್ದಿರಬಾರದು. ಬೆಳಕನ್ನು ಸರಿಸಬೇಕು. ನಮ್ಮ ಪುಸ್ತಕದಲ್ಲಿ ಇದ್ದದ್ದೂ ಇಷ್ಟೇ.

“ರೆಪ್ಪಿ ಬಿಡಿಸಿ ತೋರಿಸಿದ್ನಿರಿ,” ಎಂದಳು ಅಜ್ಜಿ. “ಕೂಸು ಮಿಸುಕಲಿಲ್ಲ. ಮಾರಿ ಹತ್ತರ ದೀಪದ ಕಾವು ಬಡದ ಮ್ಯಾಲೆ ಹಿಂದ ಸರೀತು.”

ಯಾವತ್ತು ಎಂದು ಕೇಳಿದೆ. ಕೇಳುವ ಮೊದಲೇ ನನಗೆ ಗೊತ್ತಿತ್ತು ಎನಿಸುತ್ತದೆ.

“ಸಂತಿ ದಿನ ಸಂಜಿಗಿರಿ. ಇಲ್ಲಿಂದ ಹೋಗಿ ಇಳದ ಕೂಡ್ಲೆ.”

ಹಾಗಾದರೆ ಮರುದಿನವೇ ಏಕೆ ಬರಲಿಲ್ಲ ಎಂದೆ. ನನ್ನ ದನಿ ಸ್ವಲ್ಪ ಗಟ್ಟಿಯಾಗಿತ್ತು. ತಾಯಿ ತಲೆ ತಗ್ಗಿಸಿದಳು. ಅಜ್ಜಿ ತಗ್ಗಿಸಲಿಲ್ಲ.

“ಕಾಣತೈತಿ ಅಂತ ನೀವ ಹೇಳಿದ್ರೆಲ್ರಿ ಬಾಯಾರ. ಓದಿದವ್ರು ಬರದು ಹೇಳ್ಯಾರ, ನನ್ನ ದೀಪದ್ದ ಏನರೆ ತಪ್ಪೈತಿ ಅಂತ ಸುಮ್ಮನಾದ್ನಿ.”

ಅದರಲ್ಲಿ ಚುಚ್ಚುವ ದನಿ ಇರಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದಳು. ನಾನು ಎದ್ದು ಕಪಾಟಿನ ಕೀಲಿ ತೆಗೆದೆ.

ಆ ಸಂಜೆಯಿಂದ ಐದು ದಿನ ಹುಡುಗಿ ಪಡಸಾಲೆಯ ಕೊನೆಯ ಮಂಚದಲ್ಲಿತ್ತು. ಮಾತ್ರೆಯನ್ನು ಅರ್ಧಕ್ಕೆ ಮುರಿದು, ಪುಡಿ ಮಾಡಿ, ಬೆಲ್ಲದ ನೀರಿನಲ್ಲಿ ಕಲಸಿ ನಾಲ್ಕು ತಾಸಿಗೊಮ್ಮೆ ಕೊಟ್ಟೆ. ಮೊದಲ ಎರಡು ಸಲ ವಾಂತಿಯಾಯಿತು. ವಾಂತಿಯಲ್ಲಿ ಎಷ್ಟು ಔಷಧ ಹೋಯಿತು, ಒಳಗೆ ಎಷ್ಟು ಉಳಿಯಿತು ಎಂದು ನೋಡುತ್ತ ಕುಳಿತೆ; ನೋಡಿ ತಿಳಿಯುವಂಥದ್ದಲ್ಲ. ಮೂರನೆಯ ಸಲ ನಿಂತಿತು. ಪೆನಿಸಿಲಿನ್ ಎಂಬುದರ ಬಗ್ಗೆ ನಾನು ಪತ್ರಿಕೆಯೊಂದರಲ್ಲಿ ಓದಿದ್ದೆ. ಅದು ಸಿಪಾಯಿಗಳಿಗೆ ಇತ್ತು, ಯಲಬುರ್ಗಾದ ಮಕ್ಕಳಿಗೆ ಇರಲಿಲ್ಲ. ಈಗ ಅದು ಕೊಪ್ಪಳಕ್ಕೂ ಬರುತ್ತದಂತೆ.

ಮರುದಿನ ಕಂಪೌಂಡರನನ್ನು ಪೆಟ್ರೋಲಿಲ್ಲದೆ ಇದ್ದಿಲಿನ ಹೊಗೆಯಿಂದ ಓಡುವ ಬಸ್ಸಿನಲ್ಲಿ ಕೊಪ್ಪಳಕ್ಕೆ ಕಳಿಸಿದೆ. ಮಾತ್ರೆ ತರುವುದು, ಅಲ್ಲಿ ಯಾರಾದರೂ ದೊಡ್ಡ ಡಾಕ್ಟರು ಇದ್ದರೆ ಕೇಳಿ ಬರುವುದು. ಆತ ಅದರ ಮರುದಿನ ಸಂಜೆ ಹನ್ನೆರಡು ಮಾತ್ರೆಗಳನ್ನೂ ಒಂದು ಚೀಟಿಯನ್ನೂ ತಂದ. ಗದಗಿನ ದೊಡ್ಡ ದವಾಖಾನೆಗೆ ಕಳಿಸಿ ಎಂದು ಚೀಟಿಯಲ್ಲಿತ್ತು. ಚೀಟಿ ಬರುವ ಮೊದಲೇ ತಂದೆ ನನ್ನನ್ನು ಅದನ್ನೇ ಕೇಳಿದ್ದ. ಬಸ್ಸು ಆಗಲೇ ಹೋಗಿತ್ತು; ಕೊಪ್ಪಳದವರೆಗೆ ಚಕ್ಕಡಿ, ಅಲ್ಲಿಂದ ರೈಲು. ಒಂದು ಹಗಲು, ಒಂದು ರಾತ್ರಿ, ಮತ್ತೆ ಸ್ಟೇಷನ್ನಿನಲ್ಲಿ ಕಾಯುವುದು. ಆ ಜ್ವರದ ಮಗು ಅಷ್ಟು ತಡೆದೀತೆ?

“ಒಯ್ಯೂದೋ ಇಲ್ಲೇ ಇರೂದೋ, ನೀವ ಹೇಳ್ರಿ ಬಾಯಾರ,” ಎಂದ.

ಆತ ಗಟ್ಟಿಮುಟ್ಟಾದ ಆಳು. ಪಡಸಾಲೆಯ ಕಂಬಕ್ಕೆ ಒರಗಿ ಎರಡು ಕೈಯನ್ನೂ ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದ. ಎರಡರಲ್ಲಿ ಯಾವುದು ಸರಿ ಎಂದು ನನಗೂ ತಿಳಿದಿರಲಿಲ್ಲ. ಮೂರು ದಿನದ ಹಿಂದೆ ತಿಳಿದವಳ ಹಾಗೆ ಹೇಳಿದ್ದೆ. ಈಗಲೂ ಅದೇ ದನಿಯಲ್ಲಿ, ಇಲ್ಲೇ ಇರಲಿ ಎಂದೆ. ಆತ ತಲೆಯಾಡಿಸಿ ಎತ್ತುಗಳಿಗೆ ನೀರು ಕುಡಿಸಲು ಹೋದ.

ಕಂಪೌಂಡರ್ ತಿರುಗಿ ಬಂದ ಮರುದಿನ, ಮೂರನೆಯ ಬೆಳಿಗ್ಗೆ, ಮೇಲಿನ ರೆಪ್ಪೆಯ ಒಳಮೂಲೆಯಲ್ಲಿ, ಮೂಗಿನ ಪಕ್ಕ, ಒಂದು ಜಾಗ ಮೆತ್ತಗಾಗಿತ್ತು. ಬೆರಳಿಟ್ಟರೆ ಒಳಗೆ ಕೀವು ಅಲುಗುವುದು ತಿಳಿಯುತ್ತಿತ್ತು. ಅದನ್ನು ಕುಯ್ಯಬೇಕು. ನಾನು ಕುಯ್ದದ್ದು ತೊಡೆಯ, ಕಂಕುಳಿನ ಬಾವುಗಳನ್ನು ಮಾತ್ರ. ಪುಸ್ತಕವನ್ನು ಮೇಜಿನ ಮೇಲೆ ತೆರೆದಿಟ್ಟು, ಪುಟ ಹಾರದಂತೆ ಬೋರಿಕ್ ಡಬ್ಬಿ ಇಟ್ಟು, ಚಾಕು ಕುದಿಸಿದೆ. ಕಂಪೌಂಡರ್ ಕ್ಲೋರೋಫಾರ್ಮಿನ ಕೆಲವು ಹನಿ ಹಿಡಿದ. ಆಯಾ ತಲೆ ಹಿಡಿದಳು. ಅರ್ಧ ಅಂಗುಲ ಕುಯ್ದೆ. ಹಳದಿ ಕೀವು ಬಂತು, ನಾನು ಎಣಿಸಿದ್ದಕ್ಕಿಂತ ಬಹಳ. ಆಯಾ ಬಾಯಿಗೆ ಸೆರಗು ಒತ್ತಿಕೊಂಡು, ಇಷ್ಟು ಸಣ್ಣ ತಲೆಯೊಳಗೆ ಇದಕ್ಕೆ ಜಾಗ ಎಲ್ಲಿತ್ತು ಎಂದು ಮೆಲ್ಲಗೆ ಹೇಳಿದಳು.

ಮರುದಿನ ಜ್ವರ ಇಳಿಯಿತು. ಐದನೆಯ ದಿನ ಹುಡುಗಿ ಎದ್ದು ಕುಳಿತು ರೊಟ್ಟಿಯ ಚೂರನ್ನು ಹಾಲಿನಲ್ಲಿ ನೆನೆಸಿ ತಿಂದಿತು. ಆಯಾಳ ಜೊತೆ ಮಾತಾಡಿತು. ಊತ ತಗ್ಗಿ ಎಡಗಣ್ಣು ತಾನಾಗಿ ತೆರೆಯಿತು. ಗುಡ್ಡೆ ಹಿಂದಕ್ಕೆ ಸರಿದು ಬಹುಮಟ್ಟಿಗೆ ತನ್ನ ಜಾಗಕ್ಕೆ ಬಂದಿತ್ತು. ಕಪ್ಪು ಪಾಪೆ, ಹೊಳಪಿನ ಮೇಲ್ಮೈ. ನೋಡಿದವರು ಕಣ್ಣು ಉಳಿಯಿತು ಎನ್ನುತ್ತಿದ್ದರು. ತಾಯಿ ಹಾಗೆಯೇ ಅಂದಳು.

ಅವತ್ತು ಮಧ್ಯಾಹ್ನ ನಾನು ಒಳಕೋಣೆಯ ಕಿಟಕಿ ಮುಚ್ಚಿಸಿದೆ. ಆಯಾಳಿಗೆ ಹೊರಗೆ ನಿಲ್ಲಲು ಹೇಳಿದೆ. ನನ್ನ ಕೈಯಲ್ಲೂ ಎರಡೆರಡು ಬಳೆಗಳಿದ್ದವು. ಕೆಲಸಕ್ಕೆ ಹೊರಡುವ ದಿನ ನನ್ನ ತಾಯಿ ತೊಡಿಸಿ, ಮದುವೆಯಾಗದ ಹುಡುಗಿ ಪರ ಊರಿನಲ್ಲಿ ಬರಿಗೈಯಲ್ಲಿ ಇರಬಾರದು ಎಂದಿದ್ದಳು. ಅವುಗಳನ್ನು ಮೊಣಕೈವರೆಗೆ ಮೇಲೆ ಸರಿಸಿ ಬಿಗಿಮಾಡಿಕೊಂಡೆ. ಅಜ್ಜಿ ಹುಡುಗಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ನಾನು ಹೇಳುವ ಮೊದಲೇ, ಬಲಗಣ್ಣನ್ನು ಸೆರಗಿನಿಂದ ಮುಚ್ಚಿದಳು. ನಾನು ಚಿಮಣಿ ದೀಪವನ್ನು ಎತ್ತಿ ಆಚೆ ಸರಿಸಿದೆ, ಈಚೆ ಸರಿಸಿದೆ, ಹತ್ತಿರ ತಂದೆ. ಪಾಪೆ ಕುಗ್ಗಲಿಲ್ಲ. ಹುಡುಗಿ ದೀಪದ ಎದುರಿಗೆ ಮುಖವಿಟ್ಟು, ದೀಪ ಹಚ್ಚುವುದು ಯಾವಾಗ ಎಂದು ಅಜ್ಜಿಯನ್ನು ಕೇಳಿತು.

ಅಜ್ಜಿ, ಈಗ ಹಚ್ಚುತ್ತಾರೆ ಎಂದಳು.

ತಾಯಿಗೆ ಹೇಳುವುದು ನನ್ನ ಕೆಲಸ. ಎಡಗಣ್ಣಿಗೆ ಕಾಣುವುದಿಲ್ಲ, ಇನ್ನು ಮುಂದೆಯೂ ಕಾಣುವುದಿಲ್ಲ ಎಂದು ಹೇಳಿದೆ. ಆಕೆ ನನ್ನನ್ನೂ ಮಗಳನ್ನೂ ನೋಡಿದಳು. ಅಷ್ಟು ಛಂದ ಕಾಣುವ ಕಣ್ಣು ಹೇಗೆ ಕುರುಡಾದೀತು ಎಂದು ಕೇಳಿದಳು. ಬೆಳಕನ್ನು ಒಯ್ಯುವ ನರದ ಬಗ್ಗೆ ಹೇಳತೊಡಗಿ, ಅರ್ಧಕ್ಕೆ ನಿಲ್ಲಿಸಿದೆ. ಆಮೇಲೆ, ಸಂತೆಯ ದಿನ ನಾನು ಸರಿಯಾಗಿ ನೋಡಲಿಲ್ಲ, ಒಂದು ಕಣ್ಣು ಮುಚ್ಚಿ ನೋಡಬೇಕಿತ್ತು, ಆವತ್ತೇ ಮಾತ್ರೆ ಕೊಟ್ಟಿದ್ದರೆ ಉಳಿಯುತ್ತಿತ್ತೇನೋ ಎಂದೂ ಹೇಳಿದೆ. ಪುಸ್ತಕದ ಕನ್ನಡದಲ್ಲಿ ಹೇಳಿದೆ. ಮನೆಯಲ್ಲಿ ನಾನು ಆಡುವ ಮಾತು ಆ ಹೊತ್ತಿನಲ್ಲಿ ನಾಲಗೆಗೆ ಬರಲಿಲ್ಲ.

ಉಳಿಯುತ್ತಿತ್ತೆ ಎಂಬುದು ನನಗೆ ಇಂದಿಗೂ ಗೊತ್ತಿಲ್ಲ. ಆ ದಿನವೇ ನರ ಸತ್ತಿದ್ದಿರಬಹುದು. ಒಂದು ಹಗಲು ಉಳಿದಿದ್ದಿರಬಹುದು. ಯಾವ ಪುಸ್ತಕದಲ್ಲಿ ಹುಡುಕಿದರೂ ಆ ಹುಡುಗಿಯ ಆ ಸಂಜೆಯ ಬಗ್ಗೆ ಏನೂ ಬರೆದಿರುವುದಿಲ್ಲ.

ತಾಯಿ ನನ್ನ ಮಾತನ್ನು ಕೇಳಿದಳೋ ಇಲ್ಲವೋ. “ಜೀವ ಉಳೀತಲ್ರಿ. ಒಂದು ಕಣ್ಣು ಐತಲ್ರಿ,” ಎಂದು ಬಗ್ಗಿ ನನ್ನ ಪಾದ ಮುಟ್ಟಿದಳು. ನಾನು ಹಿಂದಕ್ಕೆ ಸರಿದೆ. ಸರಿದದ್ದನ್ನು ಆಕೆ ಮೈಲಿಗೆಯ ಅಂಜಿಕೆ ಎಂದು ತಿಳಿದಿರಬೇಕು. ಮುಟ್ಟಿದ ಕೈಯನ್ನು ಸೀರೆಗೆ ಒರೆಸಿಕೊಂಡು ದೂರ ನಿಂತಳು. ಹಾಗಲ್ಲ ಎಂದು ಹೇಳಬೇಕಿತ್ತು. ಅದನ್ನೂ ಹೇಳಲಿಲ್ಲ.

ಅವರು ಮರುದಿನ ಹೊರಟರು. ತಂದೆ ಜೋಳದ ಹೊಟ್ಟಿನ ಮೇಲೆ ಕೌದಿ ಹಾಸಿ ಮಗುವನ್ನು ಚಕ್ಕಡಿಯಲ್ಲಿ ಕೂರಿಸಿದ. ತಾಯಿ ಎರಡೂ ಕಣ್ಣಿಗೆ ಕಾಡಿಗೆ ತೀಡಿದ್ದಳು. ಆಯಾ ಹುಡುಗಿಯನ್ನು ನಗಿಸಲು ಎಡಗಡೆಯಿಂದ ಬಂದು ಬಳೆ ಅಲುಗಿಸಿದಳು. ಹುಡುಗಿ ಪೂರ್ತಿ ಮುಖವನ್ನು ತಿರುಗಿಸಿ, ಬಲಗಣ್ಣು ಆಯಾಳನ್ನು ಹುಡುಕಿಕೊಂಡ ಮೇಲೆ ನಕ್ಕಿತು.

ಅಜ್ಜಿ ಚಕ್ಕಡಿ ಹತ್ತುತ್ತ ಆಯಾಳ ಕೈಯನ್ನೇ ನೋಡಿದಳು. “ನಿನ್ನ ಬಳಿ ಭಾಳ ಸುಳ್ಳು ಹೇಳ್ತಾವ ನೋಡವಾ,” ಎಂದಳು.

ಆಯಾಳಿಗೆ ಅದು ಹಾಸ್ಯವೋ ಬೈಗುಳವೋ ತಿಳಿಯಲಿಲ್ಲ. ಗಾಜಿನವಲ್ಲವೆ, ಗಲಗಲ ಎನ್ನುವುದೇ ಅವುಗಳ ಗುಣ ಎಂದು ಏನೋ ಹೇಳಿ ನಕ್ಕಳು. ಅಜ್ಜಿ ನಗಲಿಲ್ಲ. ನನ್ನ ಕಡೆ ತಿರುಗಿ ನೋಡಲೂ ಇಲ್ಲ. ಚಕ್ಕಡಿ ಕುಷ್ಟಗಿ ದಾರಿಗೆ ತಿರುಗುವವರೆಗೆ ನಾನು ಪಡಸಾಲೆಯ ಮೆಟ್ಟಿಲ ಮೇಲೆ ನಿಂತಿದ್ದೆ. ಒಳಗೆ ಹೋಗಿ ರಜಿಸ್ಟರಿನ ಆ ಪುಟ ತೆಗೆದೆ. ‘ಬೀನಾಯಿ ದುರುಸ್ತ್’ ಎಂಬುದನ್ನು ಹೊಡೆದುಹಾಕಲು ಲೇಖನಿ ಎತ್ತಿದವಳು ಹಾಗೆಯೇ ಬಿಟ್ಟೆ. ಅದರ ಕೆಳಗೆ, ಬಲಗಣ್ಣನ್ನು ಮುಚ್ಚದೆ ನೋಡಿದ್ದು ಎಂದು ಬರೆದು ನನ್ನ ಸಹಿ ಹಾಕಿದೆ. ಗಂಗಾವತಿಯಿಂದ ಬಂದ ಮೇಲೆ ಹಿರಿಯ ಡಾಕ್ಟರು ಅದನ್ನು ಓದಿ ಪುಟ ತಿರುವಿದರು.

ಹುಡುಗಿಯ ಮನೆಯವರು ಹೋದ ಮರುದಿನ ಬೆಳಿಗ್ಗೆ, ಪಡಸಾಲೆಯ ಬಾಗಿಲು ತೆರೆಯುವ ಮೊದಲು, ನಾನು ಅಗಲದ ಬ್ಯಾಂಡೇಜಿನ ಒಂದು ಸುರುಳಿ ತೆಗೆದುಕೊಂಡು ಆಯಾಳನ್ನು ಕರೆದು ಎದುರಿಗೆ ಕೂರಿಸಿದೆ. ಬಲಗೈ ಕೊಡು ಎಂದೆ. ಆಕೆ ಬಳೆ ತೆಗೆಸುತ್ತಾರೆಂದು ತಿಳಿದು ಕೈಯನ್ನು ಬೆನ್ನ ಹಿಂದೆ ಒಯ್ದಳು.

“ಕೈ ಬರಿದು ಮಾಡಂಗಿಲ್ರಿ ಬಾಯಾರ. ಮನ್ಯಾಗ ಗಂಡ ಅದಾನ.”

ತೆಗೆಯುವುದು ಬೇಡ, ಸುತ್ತುವುದಷ್ಟೆ ಎಂದೆ. ಏಕೆ ಎಂಬುದನ್ನೂ ಹೇಳಿದೆ. ಅಜ್ಜಿಯ ಮಾತಿನ ಅರ್ಥವನ್ನೂ ಹೇಳಿದೆ. ಆಯಾ ತನ್ನ ಬಳೆಗಳನ್ನು ನೋಡಿಕೊಂಡಳು. ಆಮೇಲೆ ಕೈ ಮುಂದೆ ಚಾಚಿದಳು. ಸೀಳಿದ ಬಳೆ ಒತ್ತಿ ಒಡೆಯದಂತೆ ಅದರ ಎರಡೂ ಬದಿಗೆ ಹತ್ತಿಯಿಟ್ಟು ಸುತ್ತಿದೆ. ನನ್ನ ಎರಡೂ ಕೈಗೆ ಆಕೆ ಸುತ್ತಿದಳು. ಗಂಡ ಬಡಿದನೆಂದು ಊರೆಲ್ಲ ಅನ್ನುತ್ತದೆ ಎಂದು ತನ್ನ ಕೈ ನೋಡಿಕೊಂಡು, ನನ್ನ ಕೈ ನೋಡಿ, “ನಿಮಗ ಯಾರು ಬಡದ್ರಂತ ಹೇಳೂದ್ರಿ?” ಎಂದಳು.

ಟ್ರಂಕಿನ ತಳದಿಂದ ಒಂದು ಕೆಂಪು ರೇಷ್ಮೆಯ ಜಡೆಕುಚ್ಚನ್ನು ತಂದಿದ್ದೆ. ಹೈದರಾಬಾದಿನಲ್ಲಿ ಓದುವಾಗ ಕೆಲವು ದಿನ ಹಾಕಿಕೊಂಡದ್ದು. ಇಲ್ಲಿಗೆ ಬಂದ ಮೇಲೆ ಹೊರಗೆ ತೆಗೆದಿರಲಿಲ್ಲ. ಅದನ್ನು ಒಂದು ಬಿದಿರಿನ ಕಡ್ಡಿಯ ತುದಿಗೆ ಕಟ್ಟಿದೆ.

ಬಾಗಿಲು ತೆರೆದಾಗ ಮೊದಲು ಬಂದದ್ದು ಐದು ವರ್ಷದ ಒಬ್ಬ ಹುಡುಗ. ಬಲ ರೆಪ್ಪೆಯ ಅಂಚಿಗೆ ಕುರು ಎದ್ದಿತ್ತು. ಕಂಡ ಕೂಡಲೇ ಕುರು ಎಂದು ಹೇಳಬಹುದಾದಂಥ ಕುರು. ತಾಯಿಗೆ ಸುಮ್ಮನಿರಲು ಹೇಳಿದೆ. ಆಯಾ ಅಂಗೈಯಿಂದ ಅವನ ಎಡಗಣ್ಣನ್ನು ಮುಚ್ಚಿದಳು. ನಾನು ಕುಚ್ಚನ್ನು ಎತ್ತಿ, ಸದ್ದಿಲ್ಲದೆ, ಎಡಕ್ಕೆ ಸರಿಸಿದೆ. ಕಾದೆ. ಆಮೇಲೆ ಬಲಕ್ಕೆ ಸರಿಸಿದೆ.